ಕಿವಿಯ ಮಾತು, ಕೈಯ ಮಾತು: ಹಳೆಯ ಎಲೆಕ್ಟ್ರಿಕ್ ಗಿಟಾರುಗಳ ಬಗ್ಗೆ

ಹಳೆಯ ಎಲೆಕ್ಟ್ರಿಕ್ ಗಿಟಾರುಗಳ ಬಗ್ಗೆ ವಾದಕರು ಆಡುವ ಮಾತುಗಳನ್ನು ಸುಮಾರು ಇಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಮರ ಒಣಗಿ ಹದವಾಗಿರುವುದರಿಂದಲೇ ಆ ನಾದ ಬರುತ್ತದೆ ಎಂದು ಒಬ್ಬರು ಹೇಳಿದರೆ, ಪಿಕಪ್ಪಿನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಅಯಸ್ಕಾಂತ ಮತ್ತು ಸುರುಳಿ ಇರುವ ಭಾಗ) ಅಯಸ್ಕಾಂತಕ್ಕೆ ವಯಸ್ಸಾಗಿ ಅದು ಸೌಮ್ಯವಾಗಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಇದೆಲ್ಲ ಭ್ರಮೆ, ದೊಡ್ಡ ಬೆಲೆ ತೆತ್ತವರು ಹೇಳಿಕೊಳ್ಳುವ ಸಮಾಧಾನ ಎಂದು ತಳ್ಳಿಹಾಕುವವರೂ ಇದ್ದಾರೆ. ಈ ಮೂವರಲ್ಲಿ ಯಾರ ಮಾತನ್ನೂ ನಾನು ಪೂರ್ತಿಯಾಗಿ ಒಪ್ಪಲಾರೆ. ಒಳ್ಳೆಯ ಹಳೆಯ ಗಿಟಾರಿನಲ್ಲಿ ಏನೋ ಒಂದು ವಿಶೇಷ ಇದೆ ಎಂಬುದು ನನ್ನ ಅನುಭವಕ್ಕೂ ಬಂದಿದೆ. ಆದರೆ ಕಿವಿಗೆ ಕೇಳಿಸಿತೆಂದು ನಾವು ಹೇಳುವುದರಲ್ಲಿ ಬಹುಪಾಲು ಮೊದಲು ಅಂಗೈಗೆ ಮತ್ತು ಬೆರಳುಗಳಿಗೆ ತಿಳಿದದ್ದು ಎಂಬುದು ನನ್ನ ಅಭಿಪ್ರಾಯ.

ಗೆಳೆಯರೊಬ್ಬರ ಬಳಿ ಫೆಂಡರ್ ಕಂಪನಿಯ 1963ರ ಸ್ಟ್ರಾಟೊಕ್ಯಾಸ್ಟರ್ ಗಿಟಾರು ಇದೆ. ಹೋದ ವರ್ಷ ಅದನ್ನು ಎರಡು ದಿನಗಳ ಮಟ್ಟಿಗೆ ನನ್ನ ಬಳಿ ಬಿಟ್ಟುಹೋಗಿದ್ದರು. ಪೆಟ್ಟಿಗೆ ತೆರೆದ ಕೂಡಲೇ ಮರಕ್ಕೆ ಬಳಿದ ಹಳೆಯ ಲ್ಯಾಕರ್ ಮೆರುಗಿನ ತುಸು ಸಿಹಿಯಾದ ವಾಸನೆ ಬಂತು. ನೆಕ್ಕಿನ, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತಿನ, ಹಿಂಬದಿಯಲ್ಲಿ, ಮೂರನೆಯ ಫ್ರೆಟ್ಟಿನಿಂದ (ಸ್ವರಸ್ಥಾನ ತೋರಿಸುವ ಅಡ್ಡಪಟ್ಟಿಯಿಂದ) ಏಳನೆಯ ಫ್ರೆಟ್ಟಿನವರೆಗೆ, ಮೆರುಗು ಪೂರ್ತಿ ಸವೆದುಹೋಗಿ ಮೇಪಲ್ ಮರ ಬೂದು ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳು ಆ ಜಾಗಕ್ಕೆ ಹೋದಾಗ ಅಂಟುವುದೂ ಇಲ್ಲ, ಜಾರುವುದೂ ಇಲ್ಲ. ನೂರಾರು ಸಲ ಒಗೆದು ಮೆತ್ತಗಾದ ಹತ್ತಿಬಟ್ಟೆಯನ್ನು ಮುಟ್ಟಿದ ಹಾಗಿತ್ತು. ಫ್ರೆಟ್‌ಬೋರ್ಡಿನ ಎರಡೂ ಅಂಚುಗಳು ಆರು ದಶಕಗಳ ಬೆರಳಾಟಕ್ಕೆ ದುಂಡಗಾಗಿದ್ದವು. ಆಂಪ್ಲಿಫೈಯರಿಗೆ ಜೋಡಿಸುವ ಮೊದಲೇ ಅರ್ಧ ಗಂಟೆ ಸುಮ್ಮನೆ ನುಡಿಸುತ್ತ ಕುಳಿತೆ. ಇದರ ನಾದ ಅದ್ಭುತವಾಗಿದೆ ಎಂದು ನನ್ನ ಮನಸ್ಸು ಆ ಅರ್ಧ ಗಂಟೆಯಲ್ಲೇ ತೀರ್ಮಾನಿಸಿಬಿಟ್ಟಿತ್ತು. ಪಿಕಪ್ಪಿನ ಮೂಲಕ ಬರುವ ನಾದವನ್ನು ನಾನಿನ್ನೂ ಕೇಳಿಯೇ ಇರಲಿಲ್ಲ.

ಇದು ನನ್ನನ್ನು ಕಾಡಿತು. ಮರುದಿನ ಅದಕ್ಕೂ ಅದೇ ಮಾದರಿಯ ನನ್ನ ಹೊಸ ಗಿಟಾರಿಗೂ ಒಂದೇ ದಪ್ಪದ ಹೊಸ ತಂತಿಗಳನ್ನು ಹಾಕಿ, ಒಂದೇ ಕೇಬಲ್ಲಿನಿಂದ ಒಂದೇ ಆಂಪ್ಲಿಫೈಯರಿಗೆ ಜೋಡಿಸಿ, ಯಾವ ಗುಂಡಿಯನ್ನೂ ಅಲುಗಿಸದೆ, ಎರಡರಲ್ಲೂ ಅವೇ ಆರು ಚಿಕ್ಕ ತುಣುಕುಗಳನ್ನು ನುಡಿಸಿ ಧ್ವನಿಮುದ್ರಿಸಿಕೊಂಡೆ. ಗೆಳೆಯರು ಆ ಹನ್ನೆರಡು ತುಣುಕುಗಳನ್ನು ಕಲಸಿ, ಹೆಸರಿಲ್ಲದೆ ಒಂದು ವಾರದ ನಂತರ ನನಗೆ ಕೇಳಿಸಿದರು. ಏಳನ್ನು ಸರಿಯಾಗಿ ಗುರುತಿಸಿದೆ, ಐದನ್ನು ತಪ್ಪಿದೆ. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತಿತ್ತು. ಸರಿಯಾಗಿ ಗುರುತಿಸಿದವುಗಳಲ್ಲಿಯೂ ಮೂರನ್ನು ಗುರುತಿಸಿದ್ದು ನುಡಿಸಿದ ರೀತಿಯಿಂದ. ಹಳೆಯ ಗಿಟಾರಿನಲ್ಲಿ ನಾನು ಸ್ವಲ್ಪ ನಿಧಾನವಾಗಿ ನುಡಿಸಿದ್ದೆ, ಸ್ವರಗಳ ನಡುವೆ ಹೆಚ್ಚು ಜಾಗ ಬಿಟ್ಟಿದ್ದೆ, ತಂತಿ ಎಳೆದು ಮೇಲಿನ ಸ್ವರಕ್ಕೆ ಹೋಗುವಾಗ ಅವಸರ ಪಟ್ಟಿರಲಿಲ್ಲ. ಗಿಟಾರು ಬದಲಾಯಿಸಿದ್ದು ನನ್ನ ಕೈಯನ್ನು, ಕೈ ಬದಲಾಯಿಸಿದ್ದು ನಾದವನ್ನು. ಹನ್ನೆರಡು ತುಣುಕುಗಳಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಅಂದಿನಿಂದ ಯಾರಾದರೂ ಹಳೆಯ ಗಿಟಾರಿನ ನಾದವನ್ನು ಹೊಗಳಿದರೆ, ಅವರ ಮಾತನ್ನು ನಂಬುತ್ತಲೇ, ಅದರ ನೆಕ್ ಹೇಗಿದೆ ಎಂದು ಮೊದಲು ಕೇಳುತ್ತೇನೆ.

ಹಾಗೆಂದು ನಾದದಲ್ಲಿ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಖಂಡಿತ ಇದೆ, ಆದರೆ ಅದರ ಕಾರಣಗಳು ಬಹುಮಟ್ಟಿಗೆ ತೀರಾ ಸಾಮಾನ್ಯವಾದವು. ಗಿಬ್ಸನ್ ಕಂಪನಿಗಾಗಿ ಸೆತ್ ಲವರ್ ರೂಪಿಸಿದ ವಿದ್ಯುತ್ತಿನ ಗುಂಯ್ ಎನ್ನುವ ಸದ್ದನ್ನು ಅಳಿಸಲು ಜೋಡಿ ಸುರುಳಿ ಬಳಸುವ ಹಂಬಕರ್ ಪಿಕಪ್ಪಿಗೆ 1955ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಲಾಯಿತು, 1957ರಲ್ಲಿ ಅದು ಆ ಕಂಪನಿಯ ಲೆಸ್ ಪಾಲ್ ಗಿಟಾರುಗಳ ಮೇಲೆ ಬಂತು. ಪೇಟೆಂಟಿಗೆ ಅರ್ಜಿ ಹಾಕಲಾಗಿದೆ (ಪೇಟೆಂಟ್ ಅಪ್ಲೈಡ್ ಫಾರ್) ಎಂಬ ಸಣ್ಣ ಚೀಟಿಯನ್ನು ಅಡಿಯಲ್ಲಿ ಅಂಟಿಸುತ್ತಿದ್ದುದರಿಂದ ವಾದಕರು ಅವನ್ನು ಇಂದಿಗೂ ಪಿಎಎಫ್ ಎಂದೇ ಕರೆಯುತ್ತಾರೆ. ಅವುಗಳಲ್ಲಿ ಎರಡು ಸುರುಳಿಗಳ ಸುತ್ತುಗಳು ಸಮನಾಗಿರುತ್ತಿರಲಿಲ್ಲ, ಅಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತದ ದರ್ಜೆಯೂ ಕೈಗೆ ಸಿಕ್ಕಿದ್ದೇ ಆಗಿರುತ್ತಿತ್ತು, ಸುರುಳಿಗೆ ಮೇಣ ಕುಡಿಸುತ್ತಿರಲಿಲ್ಲ. ಸುತ್ತುಗಳು ಸಮನಾಗಿಲ್ಲದಿದ್ದರೆ ಗುಂಯ್‌ಗುಡುವ ಸದ್ದು ಪೂರ್ತಿ ಅಳಿಯುವುದಿಲ್ಲ, ಆದರೆ ಮೇಲಿನ ಸ್ವರಗಳಿಗೆ ಒಂದು ತೆರವು, ಒಂದು ಚೂಪು ಬರುತ್ತದೆ. ಮೇಣವಿಲ್ಲದ ಸುರುಳಿ ಮರದ ಮೇಲೆ ಬೆರಳು ತಟ್ಟಿದ್ದನ್ನೂ ಹಿಡಿದುಕೊಳ್ಳುತ್ತದೆ, ಆದ್ದರಿಂದ ಗಿಟಾರಿಗೆ ಜೀವ ಇದೆ ಎನ್ನಿಸುತ್ತದೆ. ಆಂಪ್ಲಿಫೈಯರಿನ ಸದ್ದು ತೀರ ಏರಿಸಿದರೆ ಅದೇ ಕಾರಣಕ್ಕೆ ಕಿರುಚುತ್ತದೆ. ಫೆಂಡರ್ ಕಾರ್ಖಾನೆಯಲ್ಲೂ ತಂತಿಯನ್ನು ಯಂತ್ರ ತಿರುಗಿಸಿದರೂ ಅದನ್ನು ಅತ್ತಿತ್ತ ನಡೆಸುತ್ತಿದ್ದುದು ಕೆಲಸಗಾರರ ಬೆರಳು. ದಶಕಗಳ ಕಾಲ ಅಲ್ಲಿ ಪಿಕಪ್ ಸುತ್ತಿದ ಅಬಿಗೈಲ್ ಇಬಾರಾ ಅವರ ಹೆಸರನ್ನು ವಾದಕರು ಗೌರವದಿಂದ ನೆನೆಯುವುದು ಇದರಿಂದಲೇ. ಈ ಗುಣಗಳಾವುವೂ ವಯಸ್ಸಿನಿಂದ ಬಂದವಲ್ಲ. ಕಾರ್ಖಾನೆಯಿಂದ ಹೊರಬಂದ ದಿನವೇ ಅವು ಆ ಗಿಟಾರುಗಳಲ್ಲಿದ್ದವು. ಅಲ್ನಿಕೊ ಅಯಸ್ಕಾಂತ ಸುಮ್ಮನಿದ್ದರೆ ದಶಕಗಳ ನಂತರವೂ ತನ್ನ ಶಕ್ತಿಯನ್ನು ಹೆಚ್ಚು ಕಳೆದುಕೊಳ್ಳುವುದಿಲ್ಲ. ಬಲವಾದ ಇನ್ನೊಂದು ಅಯಸ್ಕಾಂತ ಹತ್ತಿರ ಬಂದರೆ ಅದು ಕುಂದಬಹುದು.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಭಾಗವೆಂದರೆ ವಾಲ್ಯೂಮ್ ಗುಂಡಿಯ ಕೆಳಗಿರುವ, ಗುಂಡಿ ತಿರುಗಿಸಿದಂತೆ ವಿದ್ಯುತ್ ತಡೆ ಬದಲಾಗುವ ಪೊಟೆನ್ಶಿಯೋಮೀಟರ್. 250 ಕಿಲೋ ಓಮ್ ಎಂದು ಬರೆದಿದ್ದರೂ ಶೇಕಡ 20ರಷ್ಟು ಆಚೀಚೆ ಇರುವುದು ಆ ಕಾಲದ ಬಿಡಿಭಾಗಗಳಲ್ಲಿ ಸಾಮಾನ್ಯ. 200 ಇದ್ದ ಗಿಟಾರು ಮಂಕಾಗಿ, 300 ಇದ್ದ ಗಿಟಾರು ಬೆಳ್ಳಿಯಂತೆ ಕೇಳಿಸುತ್ತದೆ. ಈ ಎರಡನ್ನು ಪಕ್ಕಪಕ್ಕದಲ್ಲಿ ನುಡಿಸಿ, ಒಂದರ ಮರ ಶ್ರೇಷ್ಠ ಎಂದು ಘೋಷಿಸುವವರನ್ನು ಎಷ್ಟೋ ಸಲ ನೋಡಿದ್ದೇನೆ. ಮೀಟರ್ ಹಿಡಿದು ಎರಡು ನಿಮಿಷ ಅಳೆದಿದ್ದರೆ ಆ ವಾದ ಹುಟ್ಟುತ್ತಲೇ ಇರಲಿಲ್ಲ.

ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್ ಗಿಟಾರಿನ ಕಥೆ ನನಗೆ ಈ ಕಾರಣಕ್ಕೇ ಇಷ್ಟ. ಎರಡೂ ಪಿಕಪ್ಪುಗಳನ್ನು ಒಟ್ಟಿಗೆ ಬಳಸಿದಾಗ ಅದರಿಂದ ಬರುವ, ಮೂಗಿನಿಂದ ಹಾಡಿದಂಥ ಟೊಳ್ಳು ನಾದ ಬೇರೆಲ್ಲೂ ಸಿಗುವುದಿಲ್ಲ ಎಂದು ವಾದಕರು ಅದರ ಮರವನ್ನೂ ವಯಸ್ಸನ್ನೂ ಕೊಂಡಾಡುತ್ತಿದ್ದರು. ನೆಕ್ಕಿನ ಕಡೆಯ ಪಿಕಪ್ಪಿನಲ್ಲಿ ಅಯಸ್ಕಾಂತ ತಿರುಗುಮುರುಗಾಗಿರುವುದರಿಂದ ಎರಡರ ಸಂಕೇತಗಳು ಒಂದನ್ನೊಂದು ಭಾಗಶಃ ಅಳಿಸುತ್ತವೆ. ಆ ನಾದದ ಮೂಲ ಇಷ್ಟೇ. ಮುಂದೆ ಅದು ಗಿಟಾರ್ ವಾದಕ ಗ್ಯಾರಿ ಮೂರ್ ಅವರ ಕೈ ಸೇರಿತು, ಈಗ ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಅವರ ಬಳಿ ಇದೆ. ಕಾರಣ ತಿಳಿದ ಮೇಲೆ ಆ ನಾದದ ಮೇಲಿನ ನನ್ನ ಪ್ರೀತಿ ಒಂದಿಷ್ಟೂ ಕಡಿಮೆಯಾಗಿಲ್ಲ. ಒಂದು ಅಯಸ್ಕಾಂತ ತಿರುಗಿದ್ದನ್ನು ಗ್ರೀನ್ ಅವರ ಬೆರಳುಗಳು ಸಂಗೀತವಾಗಿ ಮಾಡಿಕೊಂಡವಲ್ಲ ಎಂದು ಗೌರವ ಹೆಚ್ಚಾಗಿದೆ.

ವಯಸ್ಸೇ ನಾದವನ್ನು ಕೊಡುತ್ತದೆ ಎನ್ನುವವರಿಗೆ ನಾನು ಕೇಳುವ ಪ್ರಶ್ನೆ ಒಂದಿದೆ. ನಾವು ಇಂದು ಯಾವ ನಾದಗಳನ್ನು ಆದರ್ಶವೆಂದು ಇಟ್ಟುಕೊಂಡಿದ್ದೇವೆಯೋ ಅವನ್ನು ನುಡಿಸಿದಾಗ ಆ ಗಿಟಾರುಗಳಿಗೆ ಎಷ್ಟು ವಯಸ್ಸಾಗಿತ್ತು? 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸಿದ ಬಿಳಿಯ ಸ್ಟ್ರಾಟೊಕ್ಯಾಸ್ಟರ್ 1968ರಲ್ಲಿ ತಯಾರಾದದ್ದು, ಅಂದರೆ ಹೆಚ್ಚುಕಡಿಮೆ ಹೊಸದು. ಸಾಲದ್ದಕ್ಕೆ, 1965ರಲ್ಲಿ ಸಿಬಿಎಸ್ ಸಂಸ್ಥೆ ಫೆಂಡರ್ ಕಂಪನಿಯನ್ನು ಕೊಂಡುಕೊಂಡ ನಂತರದ ಗಿಟಾರುಗಳಲ್ಲಿ ಸತ್ವ ಇಲ್ಲ ಎಂದು ಸಂಗ್ರಾಹಕರು ಗೆರೆ ಎಳೆಯುತ್ತಾರಲ್ಲ, ಇದು ಆ ಗೆರೆಯ ಆಚೆಯದು. ಎರಿಕ್ ಕ್ಲಾಪ್ಟನ್ 1966ರಲ್ಲಿ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸಿದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲಿಗೆ ಆಗ ಹೆಚ್ಚೆಂದರೆ ಎಂಟು ವರ್ಷ. ಮರ ಹದವಾಗಲು ಅರ್ಧ ಶತಮಾನ ಬೇಕಾಗಿದ್ದರೆ ಈ ನಾದಗಳು ಹುಟ್ಟುವುದೇ ಸಾಧ್ಯವಿರಲಿಲ್ಲ.

ಪಿಟೀಲಿನ ವಿಷಯದಲ್ಲಿ ಕ್ಲಾಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಪ್ರಯೋಗ ನಡೆಸಿದ್ದರು. 21 ವಾದಕರು ಮಬ್ಬು ಕನ್ನಡಕ ಧರಿಸಿ, ಇಟಲಿಯ ಹೆಸರಾಂತ ಸ್ಟ್ರಾಡಿವರಿ ಪಿಟೀಲು ಸೇರಿದಂತೆ ಮೂರು ಹಳೆಯ ಮತ್ತು ಮೂರು ಹೊಸ ಪಿಟೀಲುಗಳನ್ನು ನುಡಿಸಿದರು. ಹೆಚ್ಚು ಮೆಚ್ಚುಗೆ ಪಡೆದದ್ದು ಒಂದು ಹೊಸ ಪಿಟೀಲು, ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವರಿ. ಹಳೆಯದರ ಬಗೆಗಿನ ಮಾತೆಲ್ಲ ಸುಳ್ಳು ಎನ್ನುವವರು ಇದನ್ನು ಬಹಳ ಉತ್ಸಾಹದಿಂದ ಉಲ್ಲೇಖಿಸುತ್ತಾರೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಆ ವಾದಕರ ಕಣ್ಣು ಮುಚ್ಚಿತ್ತು, ಕೈ ತೆರೆದೇ ಇತ್ತು, ಮತ್ತು ಯಾವುದು ತಮಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಅವರೆಲ್ಲರೂ ಹೇಳಬಲ್ಲವರಾಗಿದ್ದರು. ವಾದ್ಯದ ವಯಸ್ಸು ಎಷ್ಟೆಂದು ಕೈ ಹೇಳಲಾರದು, ತನಗೆ ಹೊಂದುವುದೋ ಇಲ್ಲವೋ ಎಂಬುದನ್ನು ಮಾತ್ರ ಖಚಿತವಾಗಿ ಹೇಳುತ್ತದೆ. ಇದು ನನ್ನ ವಾದಕ್ಕೂ ಒಂದು ಮಿತಿಯನ್ನು ಹಾಕುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ: ನಾನು ಮೆಚ್ಚಿದ ನೆಕ್ ಹಳೆಯದೆಂಬ ಕಾರಣಕ್ಕೆ ಚೆನ್ನಾಗಿರಲಿಲ್ಲ, ಚೆನ್ನಾಗಿ ಸವೆದಿತ್ತು ಎಂಬ ಕಾರಣಕ್ಕೆ ಚೆನ್ನಾಗಿತ್ತು.

ಇದಕ್ಕೆ ವಿರುದ್ಧವಾದ ಪಾಠವನ್ನೂ ನಾನು ಕಲಿತದ್ದುಂಟು. ಹಲವು ವರ್ಷಗಳ ಹಿಂದೆ, ಹಳೆಯದೆಂಬ ಒಂದೇ ಆಸೆಯಿಂದ, ಎಪ್ಪತ್ತರ ದಶಕದ ಒಂದು ಗಿಟಾರನ್ನು ಸರಿಯಾಗಿ ನುಡಿಸಿಯೂ ನೋಡದೆ ಕೊಂಡುಕೊಂಡೆ. ಒಂದು ಗಂಟೆ ನಿಂತು ನುಡಿಸಿದರೆ ಎಡಭುಜ ಹರಿದುಹೋಗುವಷ್ಟು ಭಾರ, ಗಾಜು ಸುರಿದಂತೆ ದಪ್ಪಗಿನ ಪಾಲಿಯೆಸ್ಟರ್ ಮೆರುಗು, ನೆಕ್ ಕೂರುವ ಗೂಡಿನಲ್ಲಿ ಉಗುರು ತೂರುವಷ್ಟು ಬಿರುಕು. ಬೆವರಿದ ಕೈಗೆ ಆ ನೆಕ್ ಅಂಟಿಕೊಳ್ಳುತ್ತಿತ್ತು, ಮತ್ತು ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಹೆಚ್ಚು ನುಡಿಸಿಲ್ಲ ಎಂಬುದು ಸವೆಯದ ಫ್ರೆಟ್ಟುಗಳಲ್ಲೇ ಕಾಣುತ್ತಿತ್ತು. ಒಳ್ಳೆಯ ಗಿಟಾರನ್ನು ಜನ ಕೆಳಗಿಡುವುದಿಲ್ಲ, ಆದ್ದರಿಂದ ಅದು ಸವೆಯುತ್ತದೆ. ಸವೆದದ್ದರಿಂದ ಇನ್ನಷ್ಟು ಕೈಗೆ ಒದಗುತ್ತದೆ. ಕೆಟ್ಟದ್ದು ಪೆಟ್ಟಿಗೆಯಲ್ಲೇ ಉಳಿದು ಹೊಳೆಯುತ್ತಿರುತ್ತದೆ. ಹಾಗಿದ್ದರೂ ಸಂಗ್ರಾಹಕರು ಹೊಳೆಯುವುದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಹಾಗಾದರೆ ಹಳೆಯ ಗಿಟಾರುಗಳಿಗೆ ಬಳಿಯುತ್ತಿದ್ದ ನೈಟ್ರೊಸೆಲ್ಯುಲೋಸ್ ಲ್ಯಾಕರಿನಿಂದ ಮರ ಉಸಿರಾಡುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲವೇ ಎಂದು ಕೇಳಬಹುದು. ಉಸಿರಾಟದ ಮಾತನ್ನು ನಾನು ನಂಬುವುದಿಲ್ಲ. ಆದರೆ ಆ ಲ್ಯಾಕರ್ ತೆಳ್ಳಗಿರುತ್ತದೆ, ಬೆವರಿಗೂ ಉಜ್ಜಾಟಕ್ಕೂ ಬೇಗ ಸವೆಯುತ್ತದೆ, ಚಳಿ ಸೆಖೆಗಳಿಗೆ ಸಿಕ್ಕಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಬಿಳಿಯ ಬಣ್ಣವನ್ನು ಬೆಣ್ಣೆಯ ಬಣ್ಣಕ್ಕೆ ತಿರುಗಿಸುತ್ತದೆ. ದಪ್ಪ ಪಾಲಿಯೆಸ್ಟರಿಗೆ ಐವತ್ತು ವರ್ಷ ನುಡಿಸಿದರೂ ಈ ಸೌಭಾಗ್ಯ ಸುಲಭಕ್ಕೆ ಸಿಗುವುದಿಲ್ಲ. 1995ರಿಂದ ಫೆಂಡರ್ ಕಸ್ಟಮ್ ಶಾಪ್ ಹೊಸ ಗಿಟಾರನ್ನೇ ಸವೆಸಿ ರೆಲಿಕ್ ಎಂಬ ಹೆಸರಿನಲ್ಲಿ ಮಾರುತ್ತಿರುವುದನ್ನು ಹಲವರು ಹೀಯಾಳಿಸುತ್ತಾರೆ. ನಾನು ಅವರ ಜತೆ ಸೇರುವುದಿಲ್ಲ. ಒಡಲಿನ ಮೇಲಿನ ಸುಳ್ಳು ಗೀರುಗಳಿಂದ ವಾದಕನಿಗೆ ಏನೂ ಸಿಗುವುದಿಲ್ಲ, ಆದರೆ ಸವೆಸಿದ ನೆಕ್ಕಿನಿಂದ ನಿಜಕ್ಕೂ ಸಿಗುತ್ತದೆ.

ಗೆಳೆಯರಿಗೆ ಅವರ 1963ನ್ನು ಮರಳಿಸಿದ ಮೇಲೆ ನನ್ನ ಹೊಸ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದೆ. ತಂತಿ ಬಿಚ್ಚಿ, ಫ್ರೆಟ್ಟುಗಳಿಗೆ ಅಂಟುಪಟ್ಟಿ ಹಾಕಿ, ಫ್ರೆಟ್‌ಬೋರ್ಡಿನ ಅಂಚುಗಳನ್ನು ನಯವಾದ ಉಪ್ಪುಕಾಗದದಿಂದ ನಿಧಾನವಾಗಿ ಉಜ್ಜಿ ದುಂಡಗೆ ಮಾಡಿದೆ. ನೆಕ್ಕಿನ ಹಿಂಬದಿಯ ಹೊಳಪನ್ನು ಉಕ್ಕಿನ ನಾರಿನಿಂದ ಕಳೆದೆ. ವಾಲ್ಯೂಮ್ ಪೊಟೆನ್ಶಿಯೋಮೀಟರ್ ಅಳೆದಾಗ 212 ಬಂತು. ಅದನ್ನು ತೆಗೆದು 270 ಇರುವ ಇನ್ನೊಂದನ್ನು ಬೆಸುಗೆ ಹಾಕಿದೆ. ಮೂರು ಸಂಜೆಗಳ ಕೆಲಸ. ಈಗ ದಿನವೂ ಕೈಗೆತ್ತಿಕೊಳ್ಳುವುದು ಅದನ್ನೇ. ಐದನೆಯ ಫ್ರೆಟ್ಟಿನ ಹಿಂದೆ ಹೆಬ್ಬೆರಳು ಊರುವ ಜಾಗದಲ್ಲಿ ಮಾತ್ರ ಇನ್ನೂ ಸ್ವಲ್ಪ ಅಂಟುತ್ತದೆ. ಅಲ್ಲಿ ಉಕ್ಕಿನ ನಾರನ್ನು ಮತ್ತೆ ತಾಗಿಸುವುದು ಬೇಡ, ನುಡಿಸುತ್ತ ನುಡಿಸುತ್ತಲೇ ಸವೆಯಲಿ ಎಂದು ಬಿಟ್ಟಿದ್ದೇನೆ.