ನಮ್ಮ ಮನೆಯ ಹಳೇಬೀಡು

ಗುಜರಿ ಅಂಗಡಿಗೆ ಹೋಗುವವನಿಗೆ ಮುಖದ ಮೇಲೆ ಹಿಡಿತ ಇರಬೇಕು. ಬೇಕಾದ ವಸ್ತು ಕಂಡರೆ ಬೇಡದ ಮುಖ ಮಾಡಬೇಕು. ನನಗೆ ಆ ವಿದ್ಯೆ ಬರಲ್ಲ. ಹಾಸನದ ಬಿ.ಎಂ. ರಸ್ತೆ ಪಕ್ಕದ ಒಂದು ಗುಜರಿಯಲ್ಲಿ, ಕೆಟ್ಟ ಮಿಕ್ಸಿಗಳ ರಾಶಿಯ ಪಕ್ಕ ಬಿಬಿಸಿ ಮೈಕ್ರೋ ಅನ್ನೋ ಹಳೇ ಕಂಪ್ಯೂಟರ್ ಕಂಡಾಗ ‘ಅಯ್ಯೋ!’ ಅಂದುಬಿಟ್ಟೆ. ಪ್ಲಾಸ್ಟಿಕ್ ಲೆಕ್ಕದಲ್ಲಿ ತೂಗೋಕೆ ತಕ್ಕಡಿ ಮೇಲೆ ಇಟ್ಟಿದ್ದ ಅಂಗಡಿಯವನು ಅದನ್ನು ಮೆಲ್ಲಗೆ ಇಳಿಸಿದ. ಹೆಗಲ ಮೇಲಿನ ಟವೆಲಿನಲ್ಲಿ ಒರೆಸಿದ. "ಇದು ಆಂಟಿಕ್ ಸಾರ್" ಅಂದ. ಆ ಒಂದು ‘ಅಯ್ಯೋ’ಗೆ ನಾನು ಒಂದೂವರೆ ಸಾವಿರ ಕೊಟ್ಟೆ.

ಬಿಬಿಸಿ ಅಂದರೆ ಆ ರೇಡಿಯೋ, ಟಿವಿಯವರೇ. ಇಂಗ್ಲೆಂಡಿನ ಜನಕ್ಕೆ ಟಿವಿಯಲ್ಲಿ ಕಂಪ್ಯೂಟರ್ ಪಾಠ ಹೇಳಿಕೊಡಲು ಅವರಿಗೆ ಒಂದು ಯಂತ್ರ ಬೇಕಾಗಿತ್ತು. ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ಅದನ್ನು ಮಾಡಿಕೊಟ್ಟಿತು. 1984ರಲ್ಲಿ ನಮ್ಮ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನೋ ಯೋಜನೆ ತಂದು, ಇದೇ ಯಂತ್ರವನ್ನು ಶಾಲೆಗಳಿಗೆ ಹಂಚಿತು. ನಮ್ಮ ಹೈಸ್ಕೂಲಿಗೂ ಬಂತು. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ಸಾಲಾಗಿ ಒಳಗೆ ಹೋಗಬೇಕಿತ್ತು. ಮಂಗಳಾರತಿ ಒಂದು ಇರಲಿಲ್ಲ ಅಷ್ಟೆ. ಒಂದು ಕಂಪ್ಯೂಟರಿಗೆ ನಾಲ್ಕು ಜನ. ಬಲಗಡೆ ಕೂತವನಿಗೆ ರಿಟರ್ನ್ ಕೀ, ಎಡಗಡೆಯವನಿಗೆ ಎಬಿಸಿಡಿ. ನನ್ನ ಪಾಲಿಗೆ ಬಂದದ್ದು ಸ್ಪೇಸ್ ಬಾರ್. ಅದನ್ನು ಎರಡು ಸಲ ಒತ್ತುವಷ್ಟರಲ್ಲಿ ಬೆಲ್ ಹೊಡೆಯಿತು. ಸುಮಾರು ನಲವತ್ತು ವರ್ಷ ಆದಮೇಲೆ ಉಳಿದ ಕೀಗಳನ್ನೂ ಒಂದು ಸಲ ಒತ್ತಿ ನೋಡೋಣ ಅನ್ನಿಸಿದ್ದು ತಪ್ಪಾ?

ತಪ್ಪು ಅಂತ ಹೆಂಡತಿಯ ಅಭಿಪ್ರಾಯ. ನನ್ನ ಸಾಮಾನು ತುಂಬಿದ ರೂಮಿಗೆ ಅವಳು ‘ಹಳೇಬೀಡು’ ಅಂತ ಹೆಸರಿಟ್ಟಿದ್ದಾಳೆ. ನೆಂಟರು ಬಂದರೆ, "ಬೇಲೂರು ನೋಡ್ಕೊಂಡು ಬನ್ನಿ, ಹಳೇಬೀಡು ಇಲ್ಲೇ ಮನೇಲೇ ಇದೆ" ಅನ್ನುತ್ತಾಳೆ.

ಮುಚ್ಚಳ ಬಿಚ್ಚಿದರೆ ಒಳಗೆ ಹಲ್ಲಿಮೊಟ್ಟೆಯ ಚಿಪ್ಪು, ಜೇಡರ ಬಲೆ, ಒಂದು ತುಂಡು ಬಳಪ. ಬಳಪ ಹೇಗೆ ಹೋಯಿತೋ, ಕೀಗಳ ಸಂದಿಯಲ್ಲಿ ಯಾವನೋ ತುರುಕಿರಬೇಕು. ಅವನಿಗೆ ಸ್ಪೇಸ್ ಬಾರ್ ಕೂಡ ಸಿಕ್ಕಿರಲಿಲ್ಲವೇನೋ. ಎಲ್ಲ ಗುಡಿಸಿ, ಬ್ರಷ್ ಆಡಿಸಿ, ಹಾಲ್‌ನ ಟಿವಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ‘ಬೂ... ಪೀ’ ಅಂತ ಕೂಗಿತು. ನನ್ನ ಕಣ್ಣು ಒದ್ದೆಯಾಯಿತು. ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಅಂತ ಬಂತು. ಅದರ ಕೆಳಗೆ ಒಂದೇ ಒಂದು ಪದ: ‘ಲಾಂಗ್ವೇಜ್?’

ಸೀರಿಯಲ್ ಹೊತ್ತು ಮೀರುತ್ತಿದೆ ಅಂತ ಕಾಯುತ್ತಿದ್ದ ಅಮ್ಮ ಕೇಳಿದರು, "ಏನಂತೋ ಅದು?"

"ಭಾಷೆ ಯಾವುದು ಅಂತ ಕೇಳ್ತಿದೆ ಅಮ್ಮ."

"ಹಾಸನದಲ್ಲಿ ಕೂತ್ಕೊಂಡು ಅದೇನು ಕೇಳೋದು? ಕನ್ನಡ ಅಂತ ಹೇಳಿ, ಟಿವಿ ಬಿಡು."

ಅದು ಕೇಳುತ್ತಿದ್ದ ಭಾಷೆ ಬೇಸಿಕ್. ಪ್ರೋಗ್ರಾಂ ಬರೆಯುವ ಆ ಭಾಷೆ ಒಂದು ಚಿಪ್‌ನಲ್ಲಿ ಇರುತ್ತದೆ. ಆ ಚಿಪ್ ಸಿಗದಿದ್ದರೆ ಯಂತ್ರ ಹೀಗೆ ಪ್ರಶ್ನೆ ಕೇಳಿ ಸುಮ್ಮನೆ ಕೂತುಬಿಡುತ್ತದೆ. ಇಷ್ಟು ಸ್ಪಷ್ಟವಾಗಿ ತನ್ನ ಕಾಯಿಲೆ ಹೇಳುವ ರೋಗಿ ಯಾವ ಡಾಕ್ಟರಿಗೂ ಸಿಕ್ಕಿರಲಿಕ್ಕಿಲ್ಲ. ಆದರೂ ನಾನು ನಾಲ್ಕು ದಿನ ಆ ಚಿಪ್ ಒಂದನ್ನು ಬಿಟ್ಟು ಬೇರೆ ಎಲ್ಲವನ್ನೂ ಅನುಮಾನಿಸಿದೆ. ಮೆಮೊರಿಯ 16 ಚಿಪ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಯಾವುದಾದರೂ ಬಿಸಿಯಾಗಿದೆಯಾ ಅಂತ ಮಗುವಿನ ಹಣೆ ಮುಟ್ಟುವ ಹಾಗೆ. ಐದನೇ ದಿನ ಬೇಸಿಕ್ ಚಿಪ್ ಕಿತ್ತೆ. ಕಾಲುಗಳೆಲ್ಲ ಕಪ್ಪಾಗಿದ್ದವು. ಮಗಳ ಪೆನ್ಸಿಲ್ ಬಾಕ್ಸಿನ ರಬ್ಬರ್ ತಂದು ಉಜ್ಜಿದೆ. ವಾಪಸ್ ಒತ್ತುವಾಗ ಒಂದು ಕಾಲು ಮಡಚಿಕೊಂಡಿತು. ಅದನ್ನು ಚಿಮುಟದಲ್ಲಿ ನೆಟ್ಟಗೆ ಮಾಡುವಾಗ ನಾನು ಉಸಿರಾಡಿದ ನೆನಪಿಲ್ಲ. ಮತ್ತೆ ಸ್ವಿಚ್ ಹಾಕಿದರೆ ಪ್ರಶ್ನೆ ಹೋಗಿ ‘ಬೇಸಿಕ್’ ಅಂತ ಬಂತು.

ಖುಷಿ ಇಪ್ಪತ್ತು ನಿಮಿಷ ಇತ್ತು. ‘ಪಟ್’ ಅಂದಿತು. ಕಂಪ್ಯೂಟರಿನ ಎಡಗಡೆಯಿಂದ ದಟ್ಟ ಹೊಗೆ ಎದ್ದಿತು. ವಾಸನೆ ಹೇಗೆ ಹೇಳಲಿ? ಒಣಮೀನು ಮತ್ತು ಪ್ಲಾಸ್ಟಿಕ್ ಚೀಲ ಒಟ್ಟಿಗೆ ಸುಟ್ಟ ಹಾಗೆ. ಹೆಂಡತಿ ಸಾರು ಸೀದಿತು ಅಂತ ಅಡುಗೆಮನೆಗೆ ಓಡಿದಳು. ಅಮ್ಮ ಯಾರೋ ದೃಷ್ಟಿ ತೆಗೆದು ಬೆಂಕಿಗೆ ಹಾಕಿದರು ಅಂದುಕೊಂಡರಂತೆ. ಮಗಳು ಮಾತ್ರ ಫೋನ್ ಹಿಡಿದು ವಿಡಿಯೋ ಮಾಡಿದಳು. ಅದರಲ್ಲಿ ನಾನು ಪ್ಲಗ್ ಕೀಳುವುದು ಬಿಟ್ಟು ಹೊಗೆಯನ್ನು ಊದುತ್ತಿದ್ದೇನೆ.

ವಿಚಿತ್ರ ಅಂದರೆ, ಅಷ್ಟು ಹೊಗೆಯ ನಡುವೆಯೂ ಕಂಪ್ಯೂಟರ್ ನಡೆಯುತ್ತಲೇ ಇತ್ತು. ಸುಟ್ಟಿದ್ದು ಪವರ್ ಸಪ್ಲೈಯಲ್ಲಿ ಕರೆಂಟು ಒಳಗೆ ಬರುವ ಕಡೆಯ ಒಂದು ಕೆಪಾಸಿಟರ್. ನಮ್ಮ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಕಂಡೆನ್ಸರ್. ಪಕ್ಕದಲ್ಲಿ ರೇಡಿಯೋ ಇದ್ದರೆ ಗೊರಗೊರ ಬರದಿರಲಿ ಅಂತ ಹಾಕುವ ಸಾಮಾನು ಅದು. ಇಲ್ಲದಿದ್ದರೂ ಯಂತ್ರ ಓಡುತ್ತದೆ. ಒಳಗೆ ಕಾಗದದ ಸುರುಳಿ, ಮೇಲೆ ಗಾಜಿನಂಥ ಪ್ಲಾಸ್ಟಿಕ್. ವರ್ಷ ಕಳೆದಂತೆ ಆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಕಾಗದ ತೇವ ಹೀರುತ್ತದೆ. ಆಮೇಲೆ ಒಂದು ದಿನ ಕರೆಂಟು ಕೊಟ್ಟರೆ ಹೀಗೆ. ಹಾಸನದ ಎಷ್ಟು ಮಳೆಗಾಲದ ತೇವ ಕುಡಿದಿತ್ತೋ ಪಾಪ. ಇದು ನನಗೆ ಮೊದಲೇ ಗೊತ್ತಿತ್ತು. ‘ಆನ್ ಮಾಡುವ ಮೊದಲು ಅದನ್ನು ಬದಲಾಯಿಸಬೇಕು’ ಅಂತ ಡೈರಿಯಲ್ಲಿ ಬರೆದುಕೊಂಡಿದ್ದೆ ಕೂಡ. ಡೈರಿ ಹಳೇಬೀಡಿನಲ್ಲಿ ಎಲ್ಲೋ ಇತ್ತು. ಹೊಸ ಕೆಪಾಸಿಟರ್‌ಗೆ ಐವತ್ತು ರೂಪಾಯಿಯೂ ಆಗಲಿಲ್ಲ. ಅಮ್ಮನ ಟಿವಿಯ ಹಿಂದೆ ಸೇರಿದ್ದ ವಾಸನೆ ಹೋಗಲು ಎಂಟು ದಿನ ಬೇಕಾಯಿತು.

ಆಮೇಲೆ ಬಣ್ಣದ ವಿಷಯ. ಮೂಲದಲ್ಲಿ ಕೆನೆ ಬಣ್ಣದ ಕಂಪ್ಯೂಟರು, ನನ್ನದು ಅರಿಸಿನ ಹಚ್ಚಿದ ಮದುಮಗಳ ಹಾಗಿತ್ತು. ಬೆಂಕಿ ಹತ್ತದಿರಲಿ ಅಂತ ಆಗ ಪ್ಲಾಸ್ಟಿಕ್ಕಿಗೆ ಬೆರೆಸುತ್ತಿದ್ದ ಬ್ರೋಮಿನ್ನೇ ಇದಕ್ಕೆ ಕಾರಣ ಅನ್ನುತ್ತಾರೆ. ಮದ್ದು ಏನಪ್ಪಾ ಅಂದರೆ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಡುವುದು. ಕೂದಲಿಗೆ ಹಾಕುವ 12% ಕ್ರೀಮ್ ಆಗುತ್ತದೆ. ಅದನ್ನು ಕೇಳಿಕೊಂಡು ಒಂದು ಬ್ಯೂಟಿ ಪಾರ್ಲರಿಗೆ ಹೋದೆ.

"ಯಾರಿಗೆ ಸಾರ್?" ಅಂತ ಕೇಳಿದ ಆಕೆ ನನ್ನ ಬೋಳುತಲೆಯನ್ನು ನೋಡಿ ಸುಮ್ಮನಾದರು.

"ಕಂಪ್ಯೂಟರಿಗೆ" ಅಂದೆ.

ಆಕೆಯ ಮುಖದಲ್ಲಿ ಕರುಣೆ ಇನ್ನೂ ಜಾಸ್ತಿಯಾಯಿತು. ಹತ್ತು ರೂಪಾಯಿ ಕಡಿಮೆ ಮಾಡಿಕೊಟ್ಟರು.

ಆಷಾಢದ ಜಿಟಿಜಿಟಿಯಲ್ಲಿ ಬಿಸಿಲು ಎಲ್ಲಿಂದ ತರೋದು? ಮಾರ್ಚ್‌ವರೆಗೆ ಕಾದೆ. ನಾನು ಕಾದ ಬಿಸಿಲಿಗೇ ಅಮ್ಮನ ಸಂಡಿಗೆಯೂ ಕಾದಿತ್ತು. ತಾರಸಿಯಲ್ಲಿ ಅರ್ಧ ಜಾಗ ಅವರಿಗೆ, ಅರ್ಧ ನನಗೆ ಅಂತ ಒಪ್ಪಂದವಾಯಿತು. ಮುಚ್ಚಳಕ್ಕೆ ಕ್ರೀಮ್ ಬಳಿದು, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ಇಟ್ಟೆ. ಕೈಗವಸು ಹಾಕುವುದು ಮರೆತು ನನ್ನ ಬೆರಳ ತುದಿಗಳೂ ಬೆಳ್ಳಗಾಗಿ ಚುರುಚುರು ಅಂದವು. ಊಟ ಮಾಡಿ ಒಂದು ಸಣ್ಣ ನಿದ್ದೆ ತೆಗೆದೆ.

ಆ ಹೊತ್ತಿಗೆ ಕಾಗೆ ಬಂದಿವೆ. ಅಮ್ಮ ಯಾವತ್ತಿನಂತೆ ಅಪ್ಪನ ಹಳೇ ಕಪ್ಪು ಕೊಡೆಯನ್ನು ಬಿಚ್ಚಿ ಸಂಡಿಗೆಯ ಪಕ್ಕ ಇಟ್ಟಿದ್ದಾರೆ. ಕಾಗೆಗಳು ಹೋದವು. ಕೊಡೆಯ ನೆರಳು ಮಾತ್ರ ಮಧ್ಯಾಹ್ನ ಪೂರ್ತಿ ನನ್ನ ಮುಚ್ಚಳದ ಮೇಲೆ ಬಿದ್ದಿತ್ತು. ಸಂಜೆ ತೊಳೆದು ನೋಡಿದರೆ ಎಡಗಡೆ ಕೆನೆ, ಬಲಗಡೆ ಅರಿಸಿನ, ನಡುವೆ ಬಾಗಿದ ಒಂದು ಗೆರೆ. ಕೊಡೆಯ ಅಂಚು ಅಷ್ಟು ಚೆನ್ನಾಗಿ ಮೂಡಿತ್ತು.

"ಸಂಡಿಗೆ ಮಾತ್ರ ಒಂದೂ ಹೋಗಲಿಲ್ಲ ನೋಡು" ಅಂದರು ಅಮ್ಮ.

ಯಂತ್ರದ ಮೆಮೊರಿ 32 ಕೆಬಿ. ಬೆಳಿಗ್ಗೆ ಎದ್ದರೆ ಫೋನಿಗೆ ಬರುವ ಗುಡ್ ಮಾರ್ನಿಂಗ್ ಗುಲಾಬಿ ಚಿತ್ರ ಒಂದೂ ಇದರಲ್ಲಿ ಹಿಡಿಸಲ್ಲ. ಮಗಳು ನಕ್ಕಳು. ನಿನ್ನ ಫೋನಿನಲ್ಲಿರುವ ಆರ್ಮ್ ಪ್ರೊಸೆಸರ್ 1985ರಲ್ಲಿ ಮೊದಲು ಹುಟ್ಟಿದ್ದೇ ಈ ಏಕಾರ್ನ್‌ನವರ ಕೈಯಲ್ಲಿ, ಅದನ್ನು ಮೊದಲು ಜೋಡಿಸಿ ಓಡಿಸಿದ್ದೂ ಬಿಬಿಸಿ ಮೈಕ್ರೋಗೇ ಅಂತ ಹೇಳಿದೆ. "ಅಂದ್ರೆ ಇದು ನನ್ನ ಫೋನಿನ ಅಜ್ಜಿ" ಅಂದಳು. ಮೊದಲ ಸಲ ಮನೆಯಲ್ಲಿ ಯಾರೋ ಅದಕ್ಕೆ ಸಂಬಂಧ ಕೊಟ್ಟರು.

ಮೆಮೊರಿ ಕಾರ್ಡ್ ಹಾಕಿದರೆ ಅದೊಂದರಲ್ಲೇ 511 ಫ್ಲಾಪಿಗಳಲ್ಲಿ, ಅಂದರೆ ಆಗಿನ ತೆಳು ಡಿಸ್ಕುಗಳಲ್ಲಿ, ಇರುವಷ್ಟನ್ನು ತುಂಬಬಹುದು. ಅದನ್ನು ಜೋಡಿಸಲು ಹೊರಟೆ. ಯೂಸರ್ ಪೋರ್ಟ್ ಅನ್ನೋ 20 ಪಿನ್ನಿನ ಜಾಗ ಕಂಪ್ಯೂಟರಿನ ಹೊಟ್ಟೆಯ ಕೆಳಗಿದೆ. ಅಂಗಾತ ಮಲಗಿಸಿ ಪಿನ್ ಎಣಿಸಿ ವೈರು ಬೆಸೆದೆ. ಅಂಗಾತ ಮಲಗಿಸಿದಾಗ ಎಡ ಬಲವಾಗುತ್ತದೆ ಅನ್ನೋದು ಮೂರು ಸಂಜೆ ಹೊಳೆಯಲೇ ಇಲ್ಲ. ಇದೇ ಹಾಸನದಲ್ಲಿ ಇಸ್ರೋದವರು 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹವನ್ನು ಕೂತಲ್ಲೇ ತಿರುಗಿಸುತ್ತಾರೆ. ನನಗೆ ಒಂದು ಅಡಿ ವೈರಿನ ಆಚೆ ತುದಿಗೆ ಮಾತು ಮುಟ್ಟಿಸಲು ಆಗಲಿಲ್ಲ. ನಾಲ್ಕನೇ ಸಂಜೆ ಎಲ್ಲ ಬಿಚ್ಚಿ ತಿರುಗಿಸಿ ಬೆಸೆದೆ. ಕಾರ್ಡು ಓದಿತು.

ಆ ರಾತ್ರಿ ಹೆಂಡತಿ ತಾನಾಗಿ ಬಂದು ಮುಂದೆ ಕೂತಳು. "ಮಾತಾಡಿಸಿದರೆ ಉತ್ತರ ಕೊಡುತ್ತೇನ್ರೀ?"

"ಕೊಡುತ್ತೆ. ಟೈಪ್ ಮಾಡಿ ರಿಟರ್ನ್ ಒತ್ತು."

ಅವಳು ಒಂದೊಂದೇ ಅಕ್ಷರ ಹುಡುಕಿ ನನ್ನ ಹೆಸರು ಟೈಪ್ ಮಾಡಿದಳು. ರಿಟರ್ನ್ ಒತ್ತಿದಳು. ಯಂತ್ರ ಒಂದು ಕ್ಷಣವೂ ಯೋಚಿಸಲಿಲ್ಲ. ‘ಮಿಸ್ಟೇಕ್’ ಅಂತ ಬರೆಯಿತು.

ಅದು ಬೇಸಿಕ್‌ನ ಪದ್ಧತಿ, ತನಗೆ ತಿಳಿಯದ ಆಜ್ಞೆ ಏನೇ ಕೊಟ್ಟರೂ ಹಾಗೇ ಅನ್ನುತ್ತದೆ ಅಂತ ವಿವರಿಸಲು ಹೋದೆ. ಅಷ್ಟರಲ್ಲಿ ಅಮ್ಮನನ್ನೂ ಮಗಳನ್ನೂ ಕರೆದು ತೋರಿಸಿ ಆಗಿತ್ತು. ಅಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

"ಬೇಕಾದರೆ ನಿನ್ನ ಹೆಸರು ಹಾಕು. ಅದಕ್ಕೂ ಅದೇ ಬರುತ್ತೆ" ಅಂದೆ.

ಅವಳು ಆಗಲೇ ಪ್ಲಗ್ ಕಿತ್ತಿದ್ದಳು. "ಇವತ್ತಿಗೆ ಸಾಕು ಬಿಡಿ. ಪಾಪ, ವಯಸ್ಸಾಗಿದೆ ಅದಕ್ಕೆ, ಮಲಗಲಿ."