ಹೊರಗೆ ಹೋಗೋ ಕೌಂಟರ್ ಎಲ್ಲಿದೆ?

2025ರ ದಸರಾ ಹೊತ್ತು. ಅಮ್ಮ ಫೋನ್ ಮಾಡಿದ್ದಳು. ಮಳೆ, ಕೊಬ್ಬರಿ ರೇಟು, ಎದುರು ಮನೆಯವರ ಮಗಳ ಮದುವೆ ಎಲ್ಲ ಮುಗಿದ ಮೇಲೆ, "ಜಾತಿ ಗಣತಿಯವರು ಬಂದಿದ್ರು ಕಣೋ, ನಿಂದೂ ಬರೆಸಿದೆ" ಅಂದಳು.

"ನಂದು ಏನು ಬರೆಸಿದೆ?"

"ಇನ್ನೇನು ಬರೆಸ್ತಾರೆ! ಜಾತಿ, ಉಪಜಾತಿ. ಮೇಷ್ಟ್ರು ಉಪಜಾತಿ ಯಾವುದು ಅಂದಾಗ ನಂಗೇ ಸರಿಯಾಗಿ ಗೊತ್ತಾಗಲಿಲ್ಲ. ನಿಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿ ಬರೆಸಿದೆ."

ಮದುವೆಯಾಗಿ ನಲವತ್ತು ವರ್ಷ ಕಳೆದ ಅಮ್ಮನಿಗೇ ಗೊತ್ತಿಲ್ಲದ ಒಂದು ಪದ, ಸಮುದ್ರ ದಾಟಿ ಹನ್ನೊಂದು ವರ್ಷವಾದ ನನ್ನ ಹೆಸರಿನ ಮುಂದೆ ಹೋಗಿ ಕೂತಿತು. ದಸರಾ ರಜೆ ಬಿಟ್ಟು ಮನೆ ಮನೆ ಅಲೆದ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ, ಪಾಪ. ಮಾಹಿತಿ ಕೊಡಲೇಬೇಕು ಅಂತ ಬಲವಂತ ಮಾಡೋ ಹಾಗಿಲ್ಲ ಅಂತ ಹೈಕೋರ್ಟ್ ಕೂಡ ಹೇಳಿತ್ತು. ಆದರೆ ಅಮ್ಮನಿಗೆ ಯಾಕೆ ಹೇಳಬಾರದು ಅನ್ನೋದೇ ಅರ್ಥವಾಗಲಿಲ್ಲ. "ಇರೋದನ್ನ ಹೇಳೋಕೇನು ನಾಚಿಕೆ" ಅಂದಳು.

ಆ ಜಾತಿ ಯಾವುದು ಅಂತ ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ಒಂದೊಂದು ಸಾಲನ್ನೂ ನೀವು ಬೇರೆ ಥರ ಓದ್ತೀರಿ. ಬರೆಯದಿದ್ದರೂ ಊಹೆ ಶುರು ಮಾಡಿರ್ತೀರಿ, ಬಿಡಿ.

ನಾನಿರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿಗೆ ಬಂದ ಹೊಸದರಲ್ಲಿ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಆ ಫಾರಂನಲ್ಲಿ ಧರ್ಮದ ಕಾಲಂ ನೋಡಿ ನನಗೆ ಆಶ್ಚರ್ಯ. ಇಲ್ಲೂ ಇದೆಯಲ್ಲ! 'ಹಿಂದೂ' ಅಂತ ಬರೆದೆ. ಕೌಂಟರಿನ ಹೆಂಗಸು ನೋಡಿ, ನಕ್ಕು, ಅದರ ಮೇಲೆ ಒಂದು ಗೀಟು ಎಳೆದಳು. ನಿಮ್ಮದಕ್ಕೆ ತೆರಿಗೆ ಇಲ್ಲ, ನಮಗೆ ಬೇಕಾಗಿಲ್ಲ ಅಂದಳು. ಅಷ್ಟೇ. ನಾಮಕರಣದಿಂದ ಹೊತ್ತುಕೊಂಡು ಬಂದಿದ್ದು ಬಾಲ್ ಪೆನ್ನಿನ ಒಂದೇ ಗೀಟಿಗೆ ಹೋಯಿತು. ಹೊರಗೆ ಬಂದು ಟ್ರಾಮಿಗೆ ಕಾಯುವಾಗ ಸುಮ್ನೆ ನಗು ಬರ್ತಿತ್ತು.

ಅವರಿಗೆ ಬೇಕಿದ್ದದ್ದು ತೆರಿಗೆ ಲೆಕ್ಕ. ಇಲ್ಲಿ ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಚರ್ಚಿನ ಸದಸ್ಯರಾಗಿದ್ದರೆ ಸಂಬಳದಲ್ಲೇ ಚರ್ಚ್ ತೆರಿಗೆ ಮುರೀತಾರೆ. ಕಟ್ಟೋ ಆದಾಯ ತೆರಿಗೆಯ ಮೇಲೆ ಇನ್ನೂ 8 ಪರ್ಸೆಂಟ್ ಸ್ಟುಟ್‌ಗಾರ್ಟ್ ಇರೋ ರಾಜ್ಯದಲ್ಲೂ ಬವೇರಿಯಾ ರಾಜ್ಯದಲ್ಲೂ, ಜರ್ಮನಿಯ ಉಳಿದ ಕಡೆ 9. ಸಂಗ್ರಹಿಸಿ ಚರ್ಚಿಗೆ ಕೊಡೋದು ಸರ್ಕಾರವೇ. ಕೇಳಿದಾಗ ವಿಚಿತ್ರ ಅನ್ನಿಸಿತು. ಆದರೆ ಇದರ ಇನ್ನೊಂದು ಮಗ್ಗುಲು ನೋಡಿದ್ದು ನಮ್ಮ ಆಫೀಸಿನಲ್ಲಿ. ಪಕ್ಕದ ಮೇಜಿನಾಕೆ ಒಂದು ಮಧ್ಯಾಹ್ನ ಊಟದ ಹೊತ್ತಲ್ಲಿ ಎದ್ದು ಹೋಗಿ, ಕಾಫಿ ಹೊತ್ತಿಗೆ ವಾಪಸ್ ಬಂದಳು. ಎಲ್ಲಿ ಹೋಗಿದ್ದೆ ಅಂದರೆ, ಚರ್ಚ್ ಬಿಟ್ಟು ಬಂದೆ ಅಂದಳು! ಜನನ ಮರಣ ನೋಂದಣಿ ಮಾಡ್ತಾರಲ್ಲ, ಅದೇ ಕಚೇರಿ. ಗುರುತಿನ ಚೀಟಿ ತೋರಿಸಬೇಕು, ಒಂದು ಸಹಿ ಹಾಕಬೇಕು, ಒಳ್ಳೆ ಹೋಟೆಲಿನ ಒಂದು ಊಟದಷ್ಟು ಫೀ ಕಟ್ಟಬೇಕು. ಯಾಕೆ ಅಂತ ಯಾರೂ ಕೇಳಲ್ಲ. ಒಟ್ಟು ಇಪ್ಪತ್ತು ನಿಮಿಷ ಹಿಡಿಯಿತಂತೆ, ಅದರಲ್ಲಿ ಕಾದಿದ್ದೇ ಹದಿನೈದು. 2022 ಒಂದೇ ವರ್ಷದಲ್ಲಿ ಕ್ಯಾಥೊಲಿಕ್ ಚರ್ಚನ್ನು 5 ಲಕ್ಷಕ್ಕಿಂತ ಜಾಸ್ತಿ ಜನ ಹೀಗೆ ಬಿಟ್ಟಿದ್ದಾರೆ. ಮರುದಿನವೂ ಅವಳು ಅದೇ ಮೇಜಿನಲ್ಲಿ ಅದೇ ಬ್ರೆಡ್ ತಿಂತಾ ಕೂತಿದ್ದಳು. ಯಾರೂ ಅವಳನ್ನು ಬೇರೆ ಥರ ನೋಡಲಿಲ್ಲ, ನಾನೊಬ್ಬನೇ ನೋಡಿದ್ದು.

ನಮ್ಮಲ್ಲಿ ಆ ಕೌಂಟರ್ ಎಲ್ಲಿದೆ ಹೇಳಿ. ಧರ್ಮ ಬದಲಾಯಿಸಿದವರ ಹಿಂದೆಯೂ ಜಾತಿ ನಡೆದುಕೊಂಡು ಹೋಗುತ್ತೆ. ದೇವರಿಲ್ಲ ಅಂತ ಮೂವತ್ತು ವರ್ಷ ಭಾಷಣ ಮಾಡಿದವರು ತೀರಿಕೊಂಡ ಮೇಲೂ ಸುಡಬೇಕೋ ಹೂಳಬೇಕೋ ಅಂತ ತೀರ್ಮಾನ ಮಾಡೋದು ಅವರ ಜಾತಿಯವರೇ. ನನ್ನ ಸೋದರತ್ತೆ ಮಗ ಮಂತ್ರ ಮಾಂಗಲ್ಯದಲ್ಲಿ ಮದುವೆಯಾದ, ಹುಡುಗಿ ಬೇರೆ ಜಾತಿ. ಮಗಳನ್ನು ಸ್ಕೂಲಿಗೆ ಸೇರಿಸುವಾಗ ಜಾತಿ ಕಾಲಂ ಖಾಲಿ ಬಿಟ್ಟಿದ್ದ. ಆಮೇಲೆ ನೋಡಿದರೆ ಅದು ತುಂಬಿತ್ತು. ಅಲ್ಲಿನ ಗುಮಾಸ್ತರಿಗೆ ಮಗುವಿನ ತಾತ ಗೊತ್ತಿದ್ದರಂತೆ, ಸಹಾಯ ಮಾಡೋಣ ಅಂತ ಅವರೇ ಬರೆದುಕೊಂಡರಂತೆ. ಸಹಾಯ!

ಪಕ್ಕದ ತಮಿಳುನಾಡಿನಲ್ಲಿ ತಿರುಪತ್ತೂರಿನ ವಕೀಲೆ ಸ್ನೇಹಾ ತನಗೆ ಜಾತಿಯೂ ಇಲ್ಲ ಧರ್ಮವೂ ಇಲ್ಲ ಅಂತ ಸರ್ಟಿಫಿಕೇಟ್ ಬೇಕು ಅಂದರು. ಅದು ಕೈಗೆ ಸಿಕ್ಕಿದ್ದು 2019ರಲ್ಲಿ, ಸುಮಾರು ಒಂಬತ್ತು ವರ್ಷ ಅಲೆದ ಮೇಲೆ. ಇಲ್ಲಿ ಇಪ್ಪತ್ತು ನಿಮಿಷ, ಅಲ್ಲಿ ಒಂಬತ್ತು ವರ್ಷ. ಅದೂ ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ನಮ್ಮ ಮಕ್ಕಳಿಗೆ ಇಷ್ಟೊಂದು ಬುದ್ಧಿ ಇದೆ, ದುಡಿಯೋ ಶಕ್ತಿ ಇದೆ, ಆದರೆ ಅರ್ಧ ಆಯಸ್ಸು 'ನಮ್ಮೋರು ಏನಂತಾರೋ' ಅನ್ನೋದರಲ್ಲೇ ಹೋಗುತ್ತೆ. ಯಾವ ಕೋರ್ಸ್, ಯಾವ ಹುಡುಗಿ, ಯಾವ ಏರಿಯಾದಲ್ಲಿ ಬಾಡಿಗೆ ಮನೆ, ಎಲ್ಲಕ್ಕೂ ಒಂದು ಸಭೆ. ನಾನು ಮೆಕ್ಯಾನಿಕಲ್ ಬಿಟ್ಟು ಸಂಗೀತ ಕಲೀತೀನಿ ಅಂದಿದ್ದರೆ ಅಪ್ಪ ಒಪ್ತಿದ್ದರೋ ಏನೋ, ದೊಡ್ಡಪ್ಪ ಒಪ್ತಿರಲಿಲ್ಲ. ದೊಡ್ಡಪ್ಪ ಯಾಕೆ ಒಪ್ಪಬೇಕಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಹೀಗೇ ಬರೀತಾ ಹೋದರೆ ಚೆನ್ನಾಗಿರುತ್ತೆ. ಆದರೆ ಪಕ್ಕದ ಮೇಜಿನಾಕೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವಳ ತಂಗಿಗೆ ಮಗುವಾಯಿತು. ಇಲ್ಲಿ ಮಗುವಿನ ದೀಕ್ಷಾಸ್ನಾನದ ದಿನ ಒಬ್ಬರು ಜ್ಞಾನತಂದೆಯೋ ಜ್ಞಾನತಾಯಿಯೋ (ಗಾಡ್‌ಫಾದರ್, ಗಾಡ್‌ಮದರ್ ಅಂತಾರಲ್ಲ) ಆಗಬೇಕು. ಚರ್ಚ್ ಬಿಟ್ಟವರು ಆಗುವ ಹಾಗಿಲ್ಲ. ಏನೂ ಆಗಿಲ್ಲ ಅನ್ನೋ ಥರ ಹೇಳಿದಳು, ಆದರೆ ಆ ವಾರದಲ್ಲಿ ಮೂರು ಸಲ ಹೇಳಿದಳು. ನಮ್ಮ ಕಟ್ಟಡದಲ್ಲಿರೋ ನರ್ಸ್ ಒಬ್ಬರಿಗೆ ದೇವರ ಮೇಲೆ ನಂಬಿಕೆ ಇಲ್ಲ, ಆದರೂ ತೆರಿಗೆ ಕಟ್ತಾರೆ. ಅವರು ಕೆಲಸ ಮಾಡೋ ಆಸ್ಪತ್ರೆ ಚರ್ಚಿನದು, ಸದಸ್ಯತ್ವ ಬಿಟ್ಟರೆ ಕೆಲಸಕ್ಕೆ ಸಂಚಕಾರ ಅಂತ ಭಯ. ಅಂದರೆ ಬಾಗಿಲು ಇದೆ, ಆದರೆ ಎಲ್ಲರ ಕೈಗೂ ಚಿಲಕ ಎಟುಕಲ್ಲ.

ಸ್ಟುಟ್‌ಗಾರ್ಟ್‌ನಿಂದ ಕಾಲು ಗಂಟೆ ರೈಲಿನ ದೂರದಲ್ಲಿ ಎಸ್ಲಿಂಗೆನ್ ಅನ್ನೋ ಊರಿದೆ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ತೀರಿಕೊಂಡಿದ್ದು ಅಲ್ಲೇ, 1881ರಲ್ಲಿ. ಭಾನುವಾರಗಳಲ್ಲಿ ಊರು ನೆನಪಾದರೆ ಅಲ್ಲಿಗೆ ಹೋಗಿ ಸುತ್ತಾಡಿ ಬರ್ತೀನಿ. ಮಂಗಳೂರಿನಲ್ಲಿ ಅವರ ಮಾತು ಕೇಳಿ 1844ರಲ್ಲಿ ಆನಂದರಾವ್ ಕೌಂಡಿನ್ಯ ಅನ್ನೋ ಬ್ರಾಹ್ಮಣ ಹುಡುಗ ಕ್ರೈಸ್ತನಾದಾಗ ಊರಿಗೆ ಊರೇ ಎದ್ದಿತ್ತು. ಹಾಗೆ ಜಾತಿ ಬಿಟ್ಟು ಬಂದವರಿಗೆ ಇದ್ದ ಕಸುಬೂ ಹೋಯಿತು, ನೆಂಟರೂ ಹೋದರು. ಅವರಿಗೆ ಅನ್ನಕ್ಕೊಂದು ದಾರಿ ಆಗಬೇಕಲ್ಲ, ಅದಕ್ಕೇ ಮೊಗ್ಲಿಂಗ್ ಅವರ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಮಗ್ಗ ಹಾಕಿಸಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆಗೆಯಿತು. ನಮ್ಮ ಅಜ್ಜನ ಮನೆ ಮೇಲೆ ಇದ್ದದ್ದೂ ಮಂಗಳೂರು ಹಂಚೇ. ಒಂದು ಗುಂಪು ಬಿಟ್ಟವನಿಗೆ ಇನ್ನೊಂದು ಗುಂಪು ಕೆಲಸ ಕೊಟ್ಟು ಸೂರು ಕೊಟ್ಟಿದ್ದರಿಂದ ಬದುಕಿದ. ಸುಮ್ನೆ ಒಂಟಿಯಾಗಿ ಹೊರಗೆ ನಡೆದು ಬಂದವರು ಎಷ್ಟು ದಿನ ಬಾಳ್ತಿದ್ದರು ಆ ಕಾಲದಲ್ಲಿ?

ಇನ್ನೂ ಒಂದು ಒಪ್ಪಿಕೊಳ್ಳಬೇಕು, ಇಷ್ಟವಿಲ್ಲದಿದ್ದರೂ. ಅಮ್ಮ ಬರೆಸಿದ ಆ ಪದದಿಂದ ನನಗೆ ಯಾವತ್ತೂ ಏನೂ ನಷ್ಟ ಆಗಿಲ್ಲ. ಅದಕ್ಕೇ ಬೇಡ ಅನ್ನೋದು ನನಗೆ ಸುಲಭ. ಅದೇ ಥರದ ಪದದಿಂದ ಬಾವಿ ನೀರೂ ಸಿಗದೆ ಹೋದವರ ಮಕ್ಕಳಿಗೆ ಆ ಲೆಕ್ಕ ಬೇಕು, ಸರಿಯಾಗಿಯೇ ಬೇಕು.

ನಾನು ಇಲ್ಲಿಗೆ ಬಂದ ತಿಂಗಳು ಮನೆ ಸಿಗದೆ ಒದ್ದಾಡ್ತಿದ್ದೆ. ಕನ್ನಡದವರ ಒಂದು ಸಂಕ್ರಾಂತಿ ಊಟದಲ್ಲಿ ಹಿರಿಯರೊಬ್ಬರು ಸಿಕ್ಕಿದರು. ಯಾವ ಊರಪ್ಪಾ ಅಂದರು. ಅರಸೀಕೆರೆ ಕಡೆ ಅಂದೆ. ಮನೆ ದೇವರು ಯಾವುದು ಅಂದರು. ಹೇಳಿದೆ. "ಓ, ನಮ್ಮ ಹುಡುಗ!" ಅಂದವರು ಅವತ್ತು ರಾತ್ರಿಯೇ ನನ್ನ ಸೂಟ್‌ಕೇಸ್ ತಮ್ಮ ಕಾರಿಗೆ ಹಾಕಿಕೊಂಡರು. ಐದು ವಾರ ಅವರ ಮನೆಯಲ್ಲಿದ್ದೆ. ಬಿಸಿ ಬಿಸಿ ಸಾರು, ಅನ್ನ, ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಆ ಚಳಿಯಲ್ಲಿ ಯಾವ ಸ್ವಾತಂತ್ರ್ಯವೂ ನನಗೆ ಅಷ್ಟು ಬೆಚ್ಚಗೆ ಅನ್ನಿಸಿರಲಿಲ್ಲ.

ಅದೇ ಊಟಕ್ಕೆ ಕೋಲಾರದ ಕಡೆಯ ಇನ್ನೊಬ್ಬ ಹುಡುಗನೂ ಬಂದಿದ್ದ. ಅವನಿಗೂ ಮನೆ ಇರಲಿಲ್ಲ. ಅವನು ಒಂದು ತಿಂಗಳು ಹಾಸ್ಟೆಲಿನಲ್ಲಿ ಎಂಟು ಜನರ ರೂಮಿನಲ್ಲಿ ಮಲಗಿದ. ಈಗ ನನ್ನ ಒಳ್ಳೆ ಗೆಳೆಯ. ಎಷ್ಟೋ ವರ್ಷ ನಾವಿಬ್ಬರೂ ಆ ವಿಷಯ ಎತ್ತಿರಲಿಲ್ಲ. ಅಮ್ಮನ ಗಣತಿ ಕಥೆ ಹೇಳಿದ ದಿನ ಅವನೇ ನಗ್ತಾ ಕೇಳಿದ.

"ಅವತ್ತು ಅವರು ನಿನ್ನ ಏನು ಕೇಳಿದ್ರೋ?"

"ಊರು, ಮನೆ ದೇವರು."

"ನನ್ನೂ ಅದೇ ಕೇಳಿದ್ರು" ಅಂದ.