ಯಾರಿಗೂ ಗೊತ್ತಿಲ್ಲದ ಗಲ್ಲಿಯಲ್ಲಿ ನೂಕುನುಗ್ಗಲು

ಟೋಕಿಯೊಗೆ ಹೊರಟಾಗ ಗೆಳೆಯನೊಬ್ಬ ದನಿ ತಗ್ಗಿಸಿ ಹೇಳಿದ್ದ: "ಶಿಂಜುಕುನಲ್ಲಿ ಗೋಲ್ಡನ್ ಗಾಯ್ ಅಂತ ಪುಟ್ಟ ಬಾರುಗಳ ಗಲ್ಲಿ ಇದೆ ಕಣೋ. ಯಾರಿಗೂ ಗೊತ್ತಿಲ್ಲ. ಲೋಕಲ್ ಜನ ಮಾತ್ರ ಹೋಗೋದು." ಹೋದೆ. ಗಲ್ಲಿಯ ಬಾಯಲ್ಲೇ ಬಾವುಟ ಹಿಡಿದ ಗೈಡ್, ಅವನ ಹಿಂದೆ ಇಪ್ಪತ್ತು ಜನ. ಈ ಜಾಗ ಯಾರಿಗೂ ಗೊತ್ತಿಲ್ಲ ಅನ್ನೋದು ಅವರೆಲ್ಲರಿಗೂ ಗೊತ್ತಿತ್ತು.

ಇದು ಇರುವುದು ಕಬುಕಿಚೊ ಎಂಬ ಬಡಾವಣೆಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನ ಸಾಂಪ್ರದಾಯಿಕ ನಾಟಕವಾದ ಕಬುಕಿಗೆ ಇಲ್ಲೊಂದು ನಾಟಕಶಾಲೆ ಕಟ್ಟುತ್ತೇವೆ ಅಂತ ಹೊರಟು, 1948ರಲ್ಲಿ ಹೆಸರನ್ನೂ ಇಟ್ಟರು. ನಾಟಕಶಾಲೆ ಬರಲೇ ಇಲ್ಲ, ಹೆಸರು ಉಳಿಯಿತು. ನೀರಿಲ್ಲದ ಕೆರೆಗಳ ಊರಿನಿಂದ ಹೋದ ನನಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ.

ಆರು ಗಲ್ಲಿ, 200ಕ್ಕೂ ಜಾಸ್ತಿ ಬಾರು. ಒಂದೊಂದು ಬಾರಲ್ಲಿ ಐದಾರು ಸ್ಟೂಲು, ಹತ್ತಿದ್ದರೆ ಅದು ಅರಮನೆ. ಮೂಲೆಯಲ್ಲಿ ಕೂತವರು ಶೌಚಕ್ಕೆ ಹೋಗಬೇಕೆಂದರೆ ಬಾಗಿಲ ಬಳಿ ಇರುವವರು ಎದ್ದು ರಸ್ತೆಗೆ ಹೋಗಬೇಕು. ಸಂಜೆ ಆರರ ಮೆಜೆಸ್ಟಿಕ್ ಬಸ್ಸು ಹತ್ತಿ ಅಭ್ಯಾಸ ಇರುವವರಿಗೆ ಕಷ್ಟವಿಲ್ಲ. ಮಹಡಿಯ ಬಾರಿಗೆ ಹೋಗಲು ಅಟ್ಟಕ್ಕೆ ಹತ್ತುವಂಥ ಕಡಿದಾದ ಮೆಟ್ಟಿಲು. ಬಾರಿಂದ ಬಾರಿಗೆ ಹೋಗಿ ಕುಡಿಯುವುದನ್ನು ಜಪಾನೀಯರು 'ಹಾಶಿಗೊಝಾಕೆ' ಅನ್ನುತ್ತಾರೆ. ಅಂದರೆ ಏಣಿ ಕುಡಿತ. ಇಳಿಯುವಾಗ ಅರ್ಥವಾಯಿತು.

ಕೂತ ಕೂಡಲೇ ಒಂದು ಪುಟ್ಟ ಬಟ್ಟಲು ಬಂತು. ಬೇಯಿಸಿದ ಅವರೆಯಂಥ ನಾಲ್ಕು ಕಾಯಿ. ಬಾರಲ್ಲಿ ಉಪ್ಪು ಹಾಕಿದ ಸೌತೆಕಾಯಿ ಪುಕ್ಕಟೆ ನೆಂಚಿಕೊಂಡು ಬೆಳೆದ ಜೀವ ನನ್ನದು, ಖುಷಿಯಾಗಿ ತಿಂದೆ. ಬಿಲ್ಲಿನಲ್ಲಿ ಅದಕ್ಕೆ 1000 ಯೆನ್! ನಮ್ಮ ದುಡ್ಡಲ್ಲಿ ಐನೂರು ರೂಪಾಯಿಗೂ ಮೇಲೆ. ವಿಚಾರಿಸಿದರೆ ಅದು ಕಾಯಿಯ ಬೆಲೆಯಲ್ಲವಂತೆ, ಕೂತಿದ್ದರ ಬೆಲೆಯಂತೆ. ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವುದರಿಂದ ಎಷ್ಟು ಉಳಿಸಿದ್ದೇನೆ ಅಂತ ಆವತ್ತು ತಿಳಿಯಿತು. ಹಾಗಂತ ಬಾರಿನವರನ್ನು ಬೈಯುವುದು ಸರಿಯಲ್ಲ. ಆರೇ ಸ್ಟೂಲು ಇರುವ ಅಂಗಡಿಯಲ್ಲಿ ಒಂದು ಬಿಯರಿಗೆ ಒಂದು ಗಂಟೆ ಕೂತು ನಲವತ್ತು ಫೋಟೋ ತೆಗೆದರೆ ಅವರು ಬಾಡಿಗೆ ಎಲ್ಲಿಂದ ಕಟ್ಟಬೇಕು?

ಫೋಟೋ ಅಂದೆನಲ್ಲ, ಗಲ್ಲಿಯಲ್ಲಿ ಅನುಮತಿ ಇಲ್ಲದೆ ಫೋಟೋ ತೆಗೆಯಬಾರದು ಅಂತ ಬೋರ್ಡಿದೆ. ಎಲ್ಲರೂ ಆ ಬೋರ್ಡಿನ ಫೋಟೋ ತೆಗೆಯುತ್ತಿದ್ದರು.

ಈ ಗಲ್ಲಿ ಸುಮ್ನೆ ಉಳಿದಿದ್ದಲ್ಲ. ಒಂದು ಕಾಲಕ್ಕೆ ಕುಡಿತದ ಅಂಗಡಿಯ ಹೆಸರಲ್ಲಿ ಕದ್ದುಮುಚ್ಚಿ ವೇಶ್ಯಾವಾಟಿಕೆ ನಡೆಯುತ್ತಿತ್ತು. 1958ರಲ್ಲಿ ಅದನ್ನು ನಿಷೇಧಿಸುವ ಕಾನೂನು ಪೂರ್ತಿ ಜಾರಿಯಾದ ಮೇಲೆ ಬರೀ ಬಾರುಗಳು ಉಳಿದವು. ಬರಹಗಾರರು, ಸಿನಿಮಾದವರು, ಪತ್ರಕರ್ತರು ಬಂದು ಜಗಳ ಆಡುತ್ತಾ ಕುಡಿದರು. 1980ರ ದಶಕದಲ್ಲಿ ಟೋಕಿಯೊದ ಜಾಗದ ಬೆಲೆ ಆಕಾಶಕ್ಕೆ ಏರಿತು. ಸುತ್ತಮುತ್ತ ಬೆಂಕಿ ಬೀಳತೊಡಗಿತು. ಜಾಗ ಖಾಲಿ ಮಾಡಿಸಲು ಯಾಕುಜಾ ಅನ್ನೋ ಭೂಗತ ಗ್ಯಾಂಗಿನವರೇ ಹಚ್ಚುತ್ತಿದ್ದಾರೆ ಅಂತ ಅನುಮಾನ. ಗಲ್ಲಿಯ ಅಭಿಮಾನಿಗಳು ಸರದಿಯಲ್ಲಿ ರಾತ್ರಿಯಿಡೀ ಕಾವಲು ಕೂತು ಉಳಿಸಿಕೊಂಡರು. ಬಿಲ್ಡರುಗಳ ಕೈಲಿ ಓಡಿಸಲಾಗದ ಹಳೇ ಗಿರಾಕಿಗಳನ್ನು ಈಗ ನಮ್ಮಂಥ ಟೂರಿಸ್ಟುಗಳು ಒಂದು ಲೋಟ ವಿಸ್ಕಿ ಸೋಡಾ ಹಿಡಿದು ಓಡಿಸುತ್ತಿದ್ದೇವೆ.

ನಾನಿದ್ದ ಬಾರಲ್ಲಿ ಆರು ಜನ. ಇಬ್ಬರು ಮೆಲ್ಬರ್ನ್‌ನವರು, ಒಬ್ಬ ಜರ್ಮನ್, ಸ್ಪೇನಿನ ದಂಪತಿ, ನಾನು. ಆರೂ ಜನ ಲೋಕಲ್ ಅನುಭವಕ್ಕೆ ಬಂದವರೇ. ಲೋಕಲ್ ಅಂತ ಇದ್ದಿದ್ದು ಗ್ಲಾಸ್ ತೊಳೆಯುತ್ತಿದ್ದ ಮಾಮಾ ಒಬ್ಬರೇ. ಇಲ್ಲಿ ಬಾರಿನ ಒಡತಿಯನ್ನು ಹಾಗೇ ಕರೆಯೋದು, ನಮ್ಮ ಸೋದರಮಾವನಿಗೂ ಅವರಿಗೂ ಸಂಬಂಧವಿಲ್ಲ. "ಇಲ್ಲಿಯವರು ಎಲ್ಲಿ ಕುಡಿಯುತ್ತಾರೆ?" ಅಂತ ಜರ್ಮನ್ ಕೇಳಿದ. ಮಾಮಾ ನಗುತ್ತಾ ಇನ್ನೊಂದು ಗ್ಲಾಸ್ ತೊಳೆದರು. ಹೇಳಿದರೆ ನಾಳೆ ಅಲ್ಲಿಗೂ ಬಾವುಟ ಬರುತ್ತೆ, ಅಲ್ವಾ?

ಹೊರಗೆ ಬಂದರೆ ಎದುರಿನ ಬಾಗಿಲಲ್ಲಿ 'ಸದಸ್ಯರಿಗೆ ಮಾತ್ರ' ಅಂತ ಬೋರ್ಡು. ಒಳಗಿನಿಂದ ಜಪಾನಿ ಮಾತು, ಜೋರು ನಗು. ಬಗ್ಗಿ ನೋಡಿದೆ. ಯಾರೋ ತುಂಬಾ ವಿನಯದಿಂದ ತಲೆ ಬಾಗಿಸಿ ಬಾಗಿಲು ಹಾಕಿಕೊಂಡರು.

ಅಲ್ಲೇ ಪೆಚ್ಚಾಗಿ ನಿಂತಿದ್ದಾಗ ಹಿಂದಿನಿಂದ ಒಬ್ಬ ಬಂದ. ಒಳ್ಳೇ ಏಣಿ ಹತ್ತಿದ್ದವನು. "ನೀವು ಇಲ್ಲಿನ ಲೋಕಲ್ಲಾ?" ಅಂದ. ಹೌದು ಅಂದುಬಿಟ್ಟೆ. ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡು ಹೋದ. 1000 ಯೆನ್ ಕೇಳಬೇಕಿತ್ತು, ಹೊಳೆಯಲಿಲ್ಲ.